ನನ್ನ ಹೆಸರಿನಲ್ಲೊಂದು ಪ್ರಾರ್ಥನೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

‘ಪ್ರೀತಿಯ’ ಎಂದು ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು. ಆದರೂ ಬರೆದಿದ್ದೇನೆ. ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿಕೊಂಡ ಮಾತು, ಒಂದು ತಿಂಗಳ ಸಿಟ್ಟಿಗೆ ಕಿತ್ತು ಬರುವುದಿಲ್ಲ. ಆರೋಗ್ಯವಾಗಿದ್ದೀಯಾ? ಮಂಡಿನೋವು ಹೇಗಿದೆ? ಸುರಂಗ ಕೊರೆಯುವಾಗ ನೀರು ಜಿನುಗುವ ಕಡೆ ಹೊತ್ತುಗಟ್ಟಲೆ ನಿಲ್ಲಬೇಡ, ರಬ್ಬರ್ ಬೂಟಿನೊಳಗೆ ಉಣ್ಣೆಯ ಕಾಲುಚೀಲ ಹಾಕಿಕೋ ಎಂದು ಅಮ್ಮ ಹೇಳಿಸಿದ್ದಾಳೆ. ಇದನ್ನು ಹೇಳಿಸಿದ್ದು ಹೋದ ವಾರ, ಅವಳಿಗೆ ವಿಷಯ ಗೊತ್ತಾಗುವ ಮೊದಲು, ಆದರೂ ಬರೆದಿದ್ದೇನೆ. ಅವಳ ಬಿ.ಪಿ. ಹತೋಟಿಯಲ್ಲಿದೆ. ಕಿವಿ ಮಾತ್ರ ತನಗೆ ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಎರಡು ಸಲ ಓದಿಕೋ. ನಾನು ಚೆನ್ನಾಗಿದ್ದೇನೆ, ನನ್ನ ತಲೆಯೂ ಚೆನ್ನಾಗಿದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಿನ್ನ ಎದುರು ಮಾತಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರಿದ್ದಾರೆ? ನಾನು ಒಂದು ಮಾತು ಶುರುಮಾಡುವಷ್ಟರಲ್ಲಿ ‘ಗೊತ್ತು ಬಿಡು, ಗೊತ್ತು ಬಿಡು’ ಎಂದು ನೀನೇ ಮುಗಿಸಿಬಿಡುತ್ತೀಯ. ಮಾತು ನಿನಗೆ ಇರುಸುಮುರುಸಾದರೆ ಕ್ಯಾಂಪಿನಲ್ಲಿ ಸಿಗ್ನಲ್ ಹೋಗುತ್ತದೆ. ಅದಾಗಿ ಹೋಗುತ್ತದೆಯೋ ನೀನೇ ಕಳಿಸುತ್ತೀಯೋ, ಮೇಲಿರುವವನಿಗೇ ಗೊತ್ತು. ಪತ್ರವಾದರೆ ನಡುವೆ ಬಾಯಿ ಹಾಕಲು ನಿನಗಾಗುವುದಿಲ್ಲ. ಆದ್ದರಿಂದ ಒಂದು ಕಡೆ ಕೂತು ಪೂರ್ತಿ ಓದು. ನಿನಗೆ ಗೊತ್ತಿಲ್ಲದ್ದು ಇದರಲ್ಲಿ ಬಹಳ ಇದೆ.

ಲಾಂಡ್ರಿಯಲ್ಲಿ ನನಗೆ ಕೆಲಸ ಕೊಡಿಸಿದವನು ನೀನು. ಆ ಉಪಕಾರ ನಾನು ಮರೆತಿಲ್ಲ. ಮರೆಯಲು ನೀನೂ ಬಿಟ್ಟಿಲ್ಲ. ಯಜಮಾನರು ನಿನ್ನ ಶಾಲೆಯ ಗೆಳೆಯ. ಮೇಷ್ಟರು ಒಮ್ಮೆ ಗದರಿಸಿದರೆ ಕರಗಿ ಹೋಗುತ್ತಿದ್ದನೆಂದು ನೀವೆಲ್ಲ ಅವರನ್ನು ಬೆಣ್ಣೆ ಎನ್ನುತ್ತಿದ್ದಿರಂತೆ. ಸುಳ್ಳು ಹೇಳಬಾರದು, ಕೆಟ್ಟ ಮನುಷ್ಯರೇನೂ ಆಗಿರಲಿಲ್ಲ. ನಮ್ಮವರು ತೀರಿಕೊಂಡ ದಿನ ಆಸ್ಪತ್ರೆಗೆ ಲಾಂಡ್ರಿಯ ವ್ಯಾನನ್ನೇ ಕಳಿಸಿಕೊಟ್ಟಿದ್ದರು. ಆಮೇಲೆ ಅವರಿಗೆ ಎದೆಯ ಆಪರೇಷನ್ ಆಯಿತು. ಡಾಕ್ಟರು ಕೊಯ್ದು ಹೊಲಿದು ಬದುಕಿಸಿದರು, ಹೆಸರು ಮಾತ್ರ ಒಬ್ಬ ಪ್ರವಚನ ಮಾಡುವವರಿಗೆ ಬಂತು. ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ತಲೆಯ ಮೇಲೆ ಕೈ ಇಟ್ಟರಂತೆ, ಅದರಿಂದಲೇ ಜೀವ ಉಳಿಯಿತಂತೆ. ಅಂದಿನಿಂದ ಬೆಣ್ಣೆ ಆ ಮನುಷ್ಯನ ಬಿಸಿಲಿಗೇ ಕರಗತೊಡಗಿದರು. ಆ ಪ್ರವಚನದವರಿಗೆ ನಾವು ನಮ್ಮನಮ್ಮಲ್ಲಿ ಪ್ರವಚನದಪ್ಪ ಎಂದು ಹೆಸರಿಟ್ಟೆವು.

ಯಜಮಾನರು ಮೊದಲು ವಾರಕ್ಕೊಂದು ದಿನ ಪ್ರಾರ್ಥನೆ ಎಂದರು. ಆಮೇಲೆ ದಿನಾ ಎಂದರು. ಬಾಯ್ಲರ್ ಕಾಯುವುದರೊಳಗೆ, ಸಂಬಳದ ಹೊತ್ತು ಶುರುವಾಗುವ ಮೊದಲೇ, ಎಲ್ಲರೂ ಒಣಗಿಸುವ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಬೇಕು. ಶೆಡ್ಡಿನ ಒಂದು ಮೂಲೆಗೆ ನುಣ್ಣನೆಯ ಕಲ್ಲಿನ ಕಟ್ಟೆ ಬಂತು, ಮೈಕು ಬಂತು, ಗೋಡೆಗೆ ಎರಡು ದೊಡ್ಡ ಸ್ಪೀಕರ್ ಬಂದವು. ದಿನಕ್ಕೊಬ್ಬರು ಮುಂದೆ ಬಂದು ಕೆಲಸ ಕೊಟ್ಟಿದ್ದಕ್ಕೆ ದೇವರಿಗೂ ಯಜಮಾನರಿಗೂ ಕೃತಜ್ಞತೆ ಹೇಳಬೇಕು. ಬಾಯ್ಲರ್ ನೋಡಿಕೊಳ್ಳುವವನು ಸರದಿ ಬಂದಾಗಲೆಲ್ಲ ‘ದೇವರ ದಯೆಯಿಂದ ಬಾಯ್ಲರ್ ಇನ್ನೂ ಸಿಡಿದಿಲ್ಲ’ ಎಂದು ಹೇಳಿ ಇಳಿಯುತ್ತಿದ್ದ. ನಾವು ನಗಬೇಕೋ ಹೆದರಬೇಕೋ ತಿಳಿಯದೆ ಕೈ ಮುಗಿಯುತ್ತಿದ್ದೆವು. ಬಾರದವರನ್ನು ಹೆಸರು ಹಿಡಿದು ಕೇಳುತ್ತಿದ್ದರು. ಅವರ ಪಾಳಿ ಬದಲಾಗುತ್ತಿತ್ತು. ಇಸ್ತ್ರಿಯಲ್ಲಿದ್ದವರನ್ನು ಆಸ್ಪತ್ರೆಯ ರಕ್ತದ ಬಟ್ಟೆ ವಿಂಗಡಿಸುವ ಕಡೆ ಹಾಕುತ್ತಿದ್ದರು.

ನಾನೂ ನಿಂತೆ, ಅಣ್ಣ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ನಿನ್ನ ತಂಗಿ ಜಗಳಗಂಟಿ ಎಂದು ನೀನು ಈಗ ಎಲ್ಲರ ಹತ್ತಿರ ಹೇಳುತ್ತಿದ್ದೀಯಲ್ಲ, ಆ ಒಂದು ವರ್ಷವನ್ನೂ ಲೆಕ್ಕಕ್ಕೆ ಹಿಡಿ. ನಾನು ದೇವರಿಲ್ಲ ಎನ್ನುವವಳೂ ಅಲ್ಲ. ನಮ್ಮವರು ಕೊನೆಯುಸಿರು ಎಳೆದಾಗ ದೇವರ ಮೇಲೆ ರೇಗಿ ಕೆಲವು ಕಾಲ ಮಾತು ಬಿಟ್ಟಿದ್ದೆ, ಆಮೇಲೆ ನಾವಿಬ್ಬರೂ ರಾಜಿಯಾದೆವು. ಬೆಳಗ್ಗೆ ಒಲೆಯ ಮೇಲೆ ನೀರಿಟ್ಟು, ಅದು ಕುದಿಯುವವರೆಗೆ ಸುಮ್ಮನೆ ಗೋಡೆಗೊರಗಿ ನಿಲ್ಲುತ್ತೇನೆ. ಅಷ್ಟೇ ನನ್ನ ಪ್ರಾರ್ಥನೆ. ಅದಕ್ಕೆ ಮೈಕು ಬೇಕಿಲ್ಲ, ಪಕ್ಕದವರ ಹಾಜರಿಯೂ ಬೇಕಿಲ್ಲ.

ಪುಟಾಣಿಯ ನೆನಪಿದೆಯಾ? ಹೋದ ಸಲ ನೀನು ಬಂದಿದ್ದಾಗ ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದಳಲ್ಲ, ಆ ಎತ್ತರದ ಹೆಂಗಸು. ಅಷ್ಟೆತ್ತರ ಇರುವುದಕ್ಕೇ ಆ ಹೆಸರು. ಇಸ್ತ್ರಿ ಯಂತ್ರದ ರೋಲರ್ ಮುಂದೆ ನಾವಿಬ್ಬರೂ ಜೋಡಿ. ಒದ್ದೆ ಬೆಡ್‌ಶೀಟಿನ ಒಂದು ಮೂಲೆ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಒಟ್ಟಿಗೆ ಎಳೆದು ಸುಕ್ಕು ಬಿಡಿಸಿ ಕಾದ ರೋಲರ್ ಬಾಯಿಗೆ ಕೊಡಬೇಕು. ಇಬ್ಬರಲ್ಲಿ ಒಬ್ಬರ ಉಸಿರು ತಪ್ಪಿದರೂ ಶೀಟು ಸೊಟ್ಟಗೆ ಹೋಗುತ್ತದೆ. ಇಷ್ಟು ವರ್ಷದಲ್ಲಿ ನಮ್ಮ ಶೀಟು ಸೊಟ್ಟಗೆ ಹೋಗಿದ್ದು ಕಡಿಮೆ. ಪುಟಾಣಿ ನನ್ನ ಹಾಗಲ್ಲ, ಬಲು ದೈವಭಕ್ತೆ. ಕೆಲಸದ ನಡುವೆಯೂ ಅವಳ ತುಟಿ ಅಲ್ಲಾಡುತ್ತಲೇ ಇರುತ್ತದೆ. ಬೆಳಗಿನ ಪ್ರಾರ್ಥನೆ ನಮಗೆಲ್ಲ ಶಿಕ್ಷೆಯಾದರೆ ಅವಳಿಗೆ ಹಬ್ಬ. ಪ್ರವಚನದಪ್ಪನ ಮಾತಿಗೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದವಳು ಅವಳೊಬ್ಬಳೇ. ಅದು ನಿಜವಾದ ನೀರು.

ರೋಲರ್ ಬಾಯಿಯ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ಬೆರಳು ಅದಕ್ಕೆ ತಾಗಿದರೆ ಸಾಕು, ಯಂತ್ರ ತಾನಾಗಿ ನಿಲ್ಲುತ್ತದೆ. ನಮ್ಮದು ಬಹಳ ಹಿಂದೆಯೇ ಮುರಿದು ತಂತಿಯಲ್ಲಿ ನೇತಾಡುತ್ತಿತ್ತು. ನೋಡಲು ಪಟ್ಟಿ, ಕೆಲಸಕ್ಕೆ ಸೊನ್ನೆ. ನಾನು ಹೇಳಿದೆ, ಬಾಯ್ಲರ್‌ನವನು ಹೇಳಿದ, ಮೇಸ್ತ್ರಿ ಹೇಳಿದ. ಪ್ರತಿ ಸಲವೂ ‘ಮುಂದಿನ ತಿಂಗಳು’ ಎಂಬ ಉತ್ತರ. ಕಲ್ಲಿನ ಕಟ್ಟೆಗೆ ಆ ಮುಂದಿನ ತಿಂಗಳು ಬಂತು, ಸ್ಪೀಕರಿಗೂ ಬಂತು, ಪಟ್ಟಿಗೆ ಬರಲಿಲ್ಲ. ಒಂದು ಶನಿವಾರ, ಆಸ್ಪತ್ರೆಯ ಶೀಟು ರಾಶಿ ಬಿದ್ದಿತ್ತು, ಬೇಗ ಬೇಗ ಎಂದು ಹಿಂದಿನಿಂದ ಕೂಗುತ್ತಿದ್ದರು. ಶೀಟಿನ ಅಂಚಿನ ಹರಿದ ದಾರ ಪುಟಾಣಿಯ ಬೆರಳಿಗೆ ಸುತ್ತಿಕೊಂಡಿತು. ಬಟ್ಟೆಯ ಜೊತೆಗೆ ಬಲಗೈ ಒಳಗೆ ಹೋಯಿತು. ನಿಲ್ಲಿಸುವ ಗುಂಡಿ ಇರುವುದು ನನ್ನ ಬದಿಯಲ್ಲಿ. ನಾನು ಅದರ ಮೇಲೆ ಬಿದ್ದೆ ಎಂದೇ ಹೇಳಬೇಕು. ಗುಂಡಿ ಒತ್ತಿದ ಮೇಲೂ ಆ ರೋಲರ್ ಒಂದಿಷ್ಟು ತಿರುಗಿಯೇ ನಿಲ್ಲುವುದು. ಆ ವಾಸನೆಯ ವಿಷಯ ಬರೆಯುವುದಿಲ್ಲ. ಅಂಗೈಯ ಚರ್ಮ ಹೋಯಿತು, ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಸೋಮವಾರ ಪ್ರಾರ್ಥನೆಗೆ ಪ್ರವಚನದಪ್ಪ ತಾವೇ ಬಂದರು. ಪುಟಾಣಿ ಆಸ್ಪತ್ರೆಯಲ್ಲಿದ್ದಳು. ಇವರು ಕಟ್ಟೆಯ ಮೇಲೆ ನಿಂತು, ಆ ಬೆಲ್ಲದಂಥ ದನಿಯಲ್ಲಿ, ‘ಮನಸ್ಸು ದೇವರಲ್ಲಿ ಇದ್ದಿದ್ದರೆ ಕೈ ಬೆಂಕಿಗೆ ಹೋಗ್ತಿರಲಿಲ್ಲ. ಯಾವ ಪಾಪದ ಋಣವೋ, ಕೈಯಲ್ಲಿ ತೀರಿತು. ಕೈ ತಗೊಂಡು ಜೀವ ಉಳಿಸಿದನಲ್ಲ, ಅದು ಅವನ ಕರುಣೆ. ಅದಕ್ಕೆ ಎಲ್ಲರೂ ಕೃತಜ್ಞತೆ ಹೇಳೋಣ’ ಎಂದರು. ಯಜಮಾನರು ಕಣ್ಣು ಮುಚ್ಚಿ ತಲೆದೂಗಿದರು. ಸಾಲಿನಲ್ಲಿದ್ದವರೂ ತಲೆದೂಗಿದರು. ನಾನು ಕಿರುಚಲಿಲ್ಲ, ಅಣ್ಣ. ಕಿರುಚಿದೆ ಎಂದು ನಿನಗೆ ಹೇಳಿದವರು ಸುಳ್ಳು ಹೇಳಿದ್ದಾರೆ. ಇದ್ದಲ್ಲೇ ನಿಂತು, ಶೀಟು ಸರಿಯಾಗಿ ಹಿಡಿ ಎಂದು ಹೇಳುವ ದನಿಯಲ್ಲೇ ಹೇಳಿದೆ. ‘ಸ್ವಾಮಿ, ಅವಳ ಮನಸ್ಸು ದೇವರಲ್ಲೇ ಇತ್ತು. ಇಲ್ಲಿರೋ ನಮ್ಮೆಲ್ಲರ ಭಕ್ತಿ ಒಟ್ಟು ಹಾಕಿದ್ರೂ ಅವಳ ಕಿರುಬೆರಳಿಗೆ ಸಾಲಲ್ಲ. ಇಲ್ಲದೇ ಇದ್ದಿದ್ದು ಅಡ್ಡಪಟ್ಟಿ. ಅದು ಮುರಿದಿದ್ದು ಯಜಮಾನ್ರಿಗೂ ಗೊತ್ತು. ಪಟ್ಟಿ ಹಾಕ್ಸೋದು ಬಿಟ್ಟು ದೇವರ ಮೇಲೆ ಯಾಕೆ ಹಾಕ್ತೀರಿ?’ ಇಷ್ಟೇ. ಇದರಲ್ಲಿ ಒಂದಾದರೂ ಸುಳ್ಳಿದ್ದರೆ ನೀನೇ ಹುಡುಕಿ ತೆಗೆ.

ಪ್ರವಚನದಪ್ಪ ನಕ್ಕರು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಆಮೇಲೆ ಯಜಮಾನರು ಆಫೀಸಿಗೆ ಕರೆಸಿದರು. ನಾನು ದೇವರಿಗೆ ಅವಮಾನ ಮಾಡಿದ್ದೇನೆ, ಪ್ರಾರ್ಥನೆ ಕೆಡಿಸಿದ್ದೇನೆ, ಉಪ್ಪು ತಿಂದ ಮನೆಗೆ ಎರಡು ಬಗೆದಿದ್ದೇನೆ. ಮಾರನೆಯ ದಿನ ಕಟ್ಟೆಯ ಮೇಲೆ ನಿಂತು ಮೈಕಿನಲ್ಲಿ ಕ್ಷಮೆ ಕೇಳಬೇಕು, ಕೇಳುವವರೆಗೆ ಕೆಲಸಕ್ಕೆ ಬರುವ ಹಾಗಿಲ್ಲ ಎಂದರು. ‘ದೇವರ ಹತ್ರ ಕೇಳೋದಿದ್ರೆ ಮನೇಲೇ ಕೇಳ್ಕೋತೀನಿ ಸಾರ್. ನಿಮ್ಮ ಹತ್ರ ಕೇಳೋದು ಪಟ್ಟಿ ಒಂದೇ’ ಎಂದು ಹೇಳಿ, ಊಟದ ಡಬ್ಬಿ ಎತ್ತಿಕೊಂಡು ಬಂದೆ.

ಆ ಸಂಜೆ ಪುಟಾಣಿಯನ್ನು ನೋಡಲು ಅವಳ ಮನೆಗೆ ಹೋದೆ. ಆಸ್ಪತ್ರೆಯ ಖರ್ಚಿಗೆ ಹೆದರಿ ಅಷ್ಟರಲ್ಲೇ ಬಂದುಬಿಟ್ಟಿದ್ದಳು, ಸುದ್ದಿಯೂ ಅವಳಿಗಿಂತ ಮೊದಲೇ ಮನೆಗೆ ಬಂದಿತ್ತು. ಮೆಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ, ಬಾಯಿಗೆ ಬಂದ ಹಾಗೆ ಬೈದಳು. ‘ನನ್ನ ಪಾಪ ನಂದು, ನನ್ನ ದೇವ್ರು ನನ್ನೋನು. ನಮ್ಮಿಬ್ಬರ ಮಧ್ಯೆ ನಿನ್ನನ್ನ ವಕೀಲಿಕೆಗೆ ಕರೆದೋರು ಯಾರು?’ ಎಂದಳು. ನಾನು ತಂದಿದ್ದ ಕಿತ್ತಳೆಹಣ್ಣನ್ನು ಒಂದು ಕೈಯಲ್ಲಿ ಸುಲಿಯಲು ಒದ್ದಾಡುತ್ತಿದ್ದಳು. ಕಸಿದುಕೊಂಡು ಸುಲಿದು ಕೊಟ್ಟೆ. ಗೋಡೆಯ ಕಡೆ ತಿರುಗಿ ಕೂತು ತಿಂದಳು.

ಅದರ ಮಾರನೆಯ ದಿನ ನಿನ್ನ ಫೋನು. ‘ಸುರಂಗದಲ್ಲಿ ತಲೆ ತಗ್ಗಿಸಿದೋನೇ ಉಳಿಯೋದು, ತಲೆ ಎತ್ತಿದೋನ ಹೆಲ್ಮೆಟ್ ಮೊದಲು ಒಡೆಯೋದು’ ಎಂದೆ ನೀನು. ನಮ್ಮ ಲಾಂಡ್ರಿಯ ಮಾಡು ಎತ್ತರವಾಗಿದೆ, ಅಣ್ಣ. ಅಲ್ಲಿ ತಲೆ ತಗ್ಗಿಸಬೇಕಾದ್ದು ಕಲ್ಲಿಗಲ್ಲ, ಮನುಷ್ಯರಿಗೆ. ಮತ್ತೆ ನೀನೇ, ‘ಒಂದು ಮಾತು ಕ್ಷಮಿಸಿ ಅಂದ್ಬಿಡು, ಏನು ಸವೆದು ಹೋಗ್ತೀಯ?’ ಎಂದೆ. ನಾನು ಆಗಲ್ಲ ಎಂದೆ. ನೀನು ‘ಸರಿ, ನಾನು ನೋಡ್ಕೋತೀನಿ’ ಎಂದೆ. ಆಗ ನನಗೆ ಸಮಾಧಾನವಾಯಿತು, ಗೊತ್ತಾ? ನನಗೊಬ್ಬ ಅಣ್ಣನಿದ್ದಾನೆ, ನೋಡಿಕೊಳ್ಳುತ್ತಾನೆ ಎಂದು ಅಂದು ಹೊಟ್ಟೆ ತುಂಬ ಉಂಡೆ. ಈಗ ಅದನ್ನು ನೆನೆದರೆ ಆ ಊಟದ ಮೇಲೂ ಸಿಟ್ಟು ಬರುತ್ತದೆ.

ವಾರ ಕಳೆಯುವುದರೊಳಗೆ ಲಾಂಡ್ರಿಯಿಂದ ಕರೆ ಬಂತು, ‘ಕ್ಷಮೆ ಕೇಳೋದೇನೂ ಬೇಡ, ಬನ್ನಿ’ ಎಂದು. ಪಟ್ಟಿ ಹಾಕಿಸಿರಬೇಕು ಎಂದುಕೊಂಡು ಹೋದೆ. ಹೋಗುತ್ತಲೇ ರೋಲರ್ ಕಡೆ ನೋಡಿದೆ. ಅದೇ ತಂತಿ, ಅದೇ ಮುರುಕು. ಪುಟಾಣಿಯೂ ಅಂದೇ ಬಂದಿದ್ದಳು. ಗಂಡನಿಗೆ ಕೆಲಸವಿಲ್ಲ, ಮನೆಯಲ್ಲಿ ಕೂರಲು ಆಗುವುದಿಲ್ಲ. ಎಡಗೈಯಲ್ಲಿ ದಿಂಬಿನ ಕವರು ಜೋಡಿಸುವ ಕೆಲಸ ಕೊಟ್ಟಿದ್ದರು. ನನ್ನ ಮುಖ ನೋಡಲಿಲ್ಲ. ಪ್ರಾರ್ಥನೆಗೆ ನಿಂತೆವು. ಯಜಮಾನರು ಮೈಕು ಹಿಡಿದರು. ನನ್ನನ್ನು ಹೆಸರು ಹಿಡಿದು ಕರೆದು ಸಾಲಿನ ಮುಂದೆ ನಿಲ್ಲಿಸಿದರು. ಆಮೇಲೆ ಹೇಳಿದರು, ‘ನಮ್ಮ ಈ ತಂಗಿ ಮೇಲೆ ಯಾರೂ ಸಿಟ್ಟು ಮಾಡ್ಕೋಬೇಡಿ. ಅವಳ ಮನಸ್ಸು ಸ್ವಸ್ಥ ಇಲ್ಲ. ಗಂಡ ಹೋದ ಮೇಲೆ ತಲೆ ಹಿಡಿತದಲ್ಲಿಲ್ಲ ಅಂತ ಅವಳ ಒಡಹುಟ್ಟಿದ ಅಣ್ಣನೇ ಫೋನು ಮಾಡಿ ಅತ್ತುಕೊಂಡ. ಮನೇಲಿ ಬೆಡ್‌ಶೀಟು ಮಡಿಸೋವಾಗ ಸತ್ತ ಗಂಡನ ಜೊತೆ ಮಾತಾಡ್ತಾಳಂತೆ. ಆ ಕಡೆ ಹಿಡ್ಕೋ, ಗಟ್ಟಿಯಾಗಿ ಹಿಡ್ಕೋ ಅಂತಾಳಂತೆ. ಇವಳು ವಾಸಿಯಾಗ್ಲಿ ಅಂತ ಎಲ್ಲರೂ ಕಣ್ಣು ಮುಚ್ಚಿ ಬೇಡ್ಕೊಳ್ಳಿ.’

ಅಣ್ಣಾ, ಅದನ್ನು ನಾನು ನಿನಗೊಬ್ಬನಿಗೆ ಹೇಳಿದ್ದು. ಅಮ್ಮನಿಗೂ ಹೇಳಿರಲಿಲ್ಲ. ನಮ್ಮವರು ಹೋಗಿ ವರ್ಷವಾದ ದಿನ, ನೀನು ಬಂದಿದ್ದಾಗ, ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಅರ್ಧ ನಗುತ್ತ ಅರ್ಧ ಅಳುತ್ತ ಹೇಳಿದ್ದೆ. ಶೀಟು ಮಡಿಸಲು ಎರಡು ಜೊತೆ ಕೈ ಬೇಕು. ಎಷ್ಟೋ ವರ್ಷ ಆ ತುದಿಯಲ್ಲಿ ಅವರು ನಿಂತಿದ್ದರು. ಬಾಯಿಗೆ ರೂಢಿಯಾದ ಮಾತು ಈಗಲೂ ಒಮ್ಮೊಮ್ಮೆ ಬಂದುಬಿಡುತ್ತದೆ. ಅದು ಹುಚ್ಚೇ? ನೀನು ಅಂದು ನನ್ನ ತಲೆ ಸವರಿ, ‘ಬರ್ತದೆ ಬಿಡು, ಮಾತಾಡು, ಯಾರು ಬೇಡ ಅಂತಾರೆ’ ಎಂದಿದ್ದೆ. ಆ ಮಾತನ್ನು ಎತ್ತಿಕೊಂಡು ಹೋಗಿ ಬೆಣ್ಣೆಯ ಮೈಕಿಗೆ ಕೊಟ್ಟೆಯಲ್ಲ. ಇಡೀ ಶೆಡ್ಡು ಕಣ್ಣು ಮುಚ್ಚಿಕೊಂಡು ನಮ್ಮವರನ್ನೂ ನನ್ನನ್ನೂ ನಮ್ಮ ಹಾಸಿಗೆಯ ಶೀಟನ್ನೂ ದೇವರ ಮುಂದೆ ಹಾಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನೀನು ಹೊರಟೆ. ಅಲ್ಲಿ ನೆಲಕ್ಕೆ ಬಿದ್ದು ತುಳಿಸಿಕೊಂಡಿದ್ದು ನಾನು.

ಹುಚ್ಚಿ ಎಂದಮೇಲೆ ಏನು ಹೇಳಿದರೂ ಹುಚ್ಚೇ ಅಲ್ಲವೇ? ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ, ಮಾತಾಡಿದರೆ ತೋರಿಸಿಕೊಟ್ಟ ಹಾಗೆ. ಎಲ್ಲರ ತುಟಿ ಅಲ್ಲಾಡುತ್ತಿತ್ತು. ಆಗ ಹಿಂದಿನ ಸಾಲಿನಿಂದ ಪುಟಾಣಿಯ ದನಿ ಬಂತು. ಅವಳು ಮೈಕಿಲ್ಲದೆ ಮಾತಾಡಿದರೂ ಶೆಡ್ಡು ತುಂಬುತ್ತದೆ. ‘ನಾನು ಬೇಡ್ಕೊಳ್ಳಲ್ಲ’ ಎಂದಳು. ಯಜಮಾನರು ಕಣ್ಣು ಬಿಟ್ಟು, ಅವಳಿಗೆ ಕೈ ಜೋಡಿಸಲು ಆಗುವುದಿಲ್ಲ ಎಂದುಕೊಂಡರೋ ಏನೋ, ‘ಕೈ ಮುಗೀಬೇಕಾಗಿಲ್ಲಮ್ಮ, ಮನಸ್ಸಲ್ಲಿ ಬೇಡ್ಕೋ’ ಎಂದರು. ಪುಟಾಣಿ ಮುಂದೆ ಬಂದಳು. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ‘ಕೈಯಿಂದಲ್ಲ ಸಾರ್, ಬಾಯಿಂದ. ನಾನು ದೇವ್ರ ಮುಂದೆ ಇವತ್ತಿನವರೆಗೂ ಸುಳ್ಳು ಹೇಳಿಲ್ಲ. ಇವಳಿಗೆ ಹುಚ್ಚು ಬಿಡಿಸು ಅಂತ ಕೇಳಿದ್ರೆ ಅದು ಸುಳ್ಳಾಗ್ತದೆ. ಇವಳಿಗೆ ಹುಚ್ಚಿಲ್ಲ. ಪಟ್ಟಿ ಮುರಿದಿತ್ತು. ಅದು ನನಗೂ ಗೊತ್ತಿತ್ತು, ದೇವ್ರಿಗೂ ಗೊತ್ತು. ಇನ್ನು ನನ್ನ ಪಾಪದ ವಿಷಯ, ಅದನ್ನ ನಾನೂ ಅವನೂ ಮಾತಾಡ್ಕೋತೀವಿ. ನಿಮ್ಮ ಮೈಕು ಬೇಡ’ ಎಂದಳು.

ಕಥೆಯಲ್ಲಾದರೆ ಆಮೇಲೆ ಎಲ್ಲರೂ ನಮ್ಮ ಹಿಂದೆ ಬಂದು ನಿಲ್ಲುತ್ತಿದ್ದರು. ಯಾರೂ ಬರಲಿಲ್ಲ. ಬಾಯ್ಲರ್‌ನವನು ಕೆಮ್ಮಿದ. ಮಡಿಸುವ ಮೇಜಿನ ಇಬ್ಬರು ಹೆಂಗಸರು ಕಣ್ಣು ಬಿಟ್ಟು, ಯಜಮಾನರನ್ನು ನೋಡಿ, ಮತ್ತೆ ಮುಚ್ಚಿಕೊಂಡರು. ಅವರನ್ನು ನಾನು ಬಯ್ಯುವುದಿಲ್ಲ. ಅವರಿಗೂ ಹೊಟ್ಟೆಯಿದೆ, ಮನೆಯಿದೆ. ಆದರೆ ಅವರಲ್ಲಿ ಯಾರೂ ನನ್ನ ಒಡಹುಟ್ಟಿದವರಲ್ಲ ಎಂಬುದು ನೆನಪಿರಲಿ. ಮಧ್ಯಾಹ್ನದೊಳಗೆ ಇಬ್ಬರನ್ನೂ ಹೊರಗೆ ಹಾಕಿದರು. ಪುಟಾಣಿಗೆ ಪ್ರಾರ್ಥನೆಗೆ ಅಗೌರವ ತೋರಿದ ಕಾರಣ, ನನಗೆ ಅನಾರೋಗ್ಯದ ಕಾರಣ. ಗೇಟಿನ ಹೊರಗೆ ಬಂದ ಮೇಲೆ ಅವಳಿಗೆ ‘ನನ್ನಿಂದ ನಿನ್ನ ಕೆಲಸಾನೂ ಹೋಯ್ತು’ ಎಂದೆ. ‘ನಿನ್ನಿಂದ ಅಂತ ಜಂಬ ಪಡ್ಬೇಡ, ನಾನು ನನ್ನ ದೇವ್ರಿಗೋಸ್ಕರ ಮಾತಾಡಿದ್ದು’ ಎಂದಳು. ಬಸ್‌ಸ್ಟಾಪಿನಲ್ಲಿ ಇಬ್ಬರೂ ಅತ್ತೆವು. ಬಸ್ಸು ಬಂದರೂ ಹತ್ತಲಿಲ್ಲ.

ಇಬ್ಬರೂ ಸೇರಿ ಕಾರ್ಮಿಕ ಇಲಾಖೆಯ ಆಫೀಸಿಗೆ ದೂರು ಕೊಟ್ಟೆವು. ಅಲ್ಲಿಯ ಅಧಿಕಾರಿ ಒಬ್ಬ ಹೆಂಗಸು. ಸದಾ ನೆಗಡಿ, ಮೂಗು ಒರೆಸಿಕೊಳ್ಳುತ್ತಲೇ ಎಲ್ಲವನ್ನೂ ಕೇಳುತ್ತಾರೆ, ಆದರೆ ಒಂದು ಮಾತನ್ನೂ ಬಿಡುವುದಿಲ್ಲ. ಯಂತ್ರ ನೋಡಲು ಅವರ ಕಡೆಯವರು ಬರುವ ಹಿಂದಿನ ದಿನವೇ ಹೊಸ ಅಡ್ಡಪಟ್ಟಿ ಬಂದು ಕೂತಿತ್ತಂತೆ, ಹಳದಿ ಬಣ್ಣ ಬಳಿದುಕೊಂಡು. ಬಾಯ್ಲರ್‌ನವನು ಬಂದು ಹೇಳಿಹೋದ. ಪುಟಾಣಿಯ ಕೈ ಸುಡುವ ಮೊದಲು ಅದು ಎಷ್ಟು ಹೊತ್ತಿನ ಕೆಲಸವಾಗಿತ್ತು ಅಂತೀಯ? ಒಂದು ಮಧ್ಯಾಹ್ನದ್ದು.

ಹೋದ ವಾರ ಮೊದಲ ವಿಚಾರಣೆ ನಡೆಯಿತು. ನಿನ್ನ ಸುಳ್ಳು ಎಲ್ಲಿಯವರೆಗೆ ಕಾಲು ಚಾಚಿದೆ ಎಂದು ನೋಡು. ಯಜಮಾನರ ವಕೀಲ ಎದ್ದು ನಿಂತು, ಮಾತಾಡಿದ್ದಕ್ಕೆ ಯಾರನ್ನೂ ತೆಗೆದಿಲ್ಲ, ಮನಸ್ಸು ಸ್ತಿಮಿತದಲ್ಲಿ ಇಲ್ಲದವರನ್ನು ಬಿಸಿ ಯಂತ್ರದ ಪಕ್ಕ ನಿಲ್ಲಿಸಲು ಬರುವುದಿಲ್ಲ, ಅದಕ್ಕೇ ತೆಗೆದದ್ದು ಎಂದ. ಅಲ್ಲಿಗೂ ನಿಲ್ಲಿಸಲಿಲ್ಲ. ಪಟ್ಟಿ ಸರಿಯಾಗಿಯೇ ಇತ್ತು, ಗುಂಡಿ ಒತ್ತಬೇಕಾದವಳು ಸತ್ತ ಗಂಡನ ಧ್ಯಾನದಲ್ಲಿ ಮೈಮರೆತು ತಡ ಮಾಡಿದಳು, ಆದ್ದರಿಂದ ಆ ಹೆಂಗಸಿನ ಕೈ ಹೋಯಿತು ಎಂದ. ಸಾಕ್ಷಿ ಯಾರು ಎಂದರೆ, ಇವಳ ಸ್ವಂತ ಅಣ್ಣ. ಪುಟಾಣಿಯ ಕೈ ಸುಟ್ಟಿದ್ದು ಈಗ ನಾನು, ಅಣ್ಣ. ನೀನು ಫೋನಿನಲ್ಲಿ ಅತ್ತ ಎರಡು ಮಾತು ಅವರಿಗೆ ಪಟ್ಟಿಗಿಂತ ಗಟ್ಟಿಯಾದ ಅಡ್ಡ ಆಯಿತು. ಪುಟಾಣಿ ಎದ್ದು, ಇದೆಲ್ಲ ಸುಳ್ಳು, ಇವಳು ಗುಂಡಿ ಮೇಲೆ ಬೀಳದೇ ಇದ್ದಿದ್ದರೆ ನನ್ನ ಮೊಣಕೈವರೆಗೂ ಹೋಗುತ್ತಿತ್ತು ಎಂದಳು. ಕೆಲಸ ಕಳಕೊಂಡವಳ ಮಾತು, ಸಿಟ್ಟಿನಿಂದ ಹೇಳುತ್ತಾಳೆ ಎಂದು ವಕೀಲ ತಳ್ಳಿಹಾಕಿದ.

ಆ ದಿನ ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮನಿಗೆ ಹೇಳಬೇಡ, ಅವಳ ಎದೆ ತಡೆಯುವುದಿಲ್ಲ ಎಂದು ನೀನು ಹೇಳಿದ್ದೆ. ತಡೆಯಿತು. ನಿನಗಿಂತಲೂ ನನಗಿಂತಲೂ ಗಟ್ಟಿ ಎದೆ ಅದು. ಪೂರ್ತಿ ಕೇಳಿದಳು, ಆವತ್ತು ಕಿವಿ ಚೆನ್ನಾಗಿ ಕೇಳಿಸಿತು. ಆಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಪ್ರಾರ್ಥನೆಯೋ ಸಿಟ್ಟೋ ಗೊತ್ತಾಗಲಿಲ್ಲ. ಕಣ್ಣು ಬಿಟ್ಟು, ‘ತಂಗಿಗೆ ಹುಚ್ಚು ಅಂತ ಸಾರಿ ಅವಳ ಕೆಲಸ ಉಳಿಸಕ್ಕೆ ಹೋದನಾ? ಇಂಥ ಜಾಣತನ ನಾನು ಕಲಿಸಿರ್ಲಿಲ್ಲ’ ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ‘ಪ್ರೀತಿಯಿಂದಾನೇ ಮಾಡಿರ್ತಾನೆ’ ಎಂದಳು. ಆ ಎರಡನೆಯ ಮಾತಿಗೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಪ್ರೀತಿಯಿಂದ ಮಾಡಿದ್ದಾದರೆ ನಾನು ಯಾರ ಹತ್ತಿರ ದೂರು ಕೊಡಲಿ? ಅದಕ್ಕೆ ಯಾವ ಇಲಾಖೆ ಇದೆ?

ಈಗ ಒಬ್ಬ ಟೈಲರ್ ಅಂಗಡಿಯ ಪರದೆ, ಮೇಜುಬಟ್ಟೆಗಳನ್ನು ಮನೆಗೆ ತಂದು ಇಸ್ತ್ರಿ ಮಾಡಿ ಕೊಡುತ್ತಿದ್ದೇನೆ. ಪುಟಾಣಿ ದಿನಾ ಬರುತ್ತಾಳೆ, ಎಡಗೈಯಲ್ಲಿ ನೀರು ಚಿಮುಕಿಸುತ್ತಾಳೆ, ನನ್ನ ಇಸ್ತ್ರಿಯಲ್ಲಿ ಹುಳುಕು ಹುಡುಕುತ್ತಾಳೆ. ತುಟಿ ಅಲ್ಲಾಡುವುದು ನಿಂತಿಲ್ಲ. ಒಂದು ದಿನ ‘ಇಷ್ಟೆಲ್ಲ ಆದ್ಮೇಲೂ ಅದೇನು ಬೇಡ್ಕೋತೀಯೇ?’ ಎಂದು ಕೇಳಿಬಿಟ್ಟೆ. ‘ನಿನ್ನ ವಿಷಯ ಅಲ್ಲ, ಹೆದರ್ಬೇಡ’ ಎಂದಳು. ಈ ಮನೆಯಲ್ಲಿ ಬಹಳ ದಿನದ ಮೇಲೆ ಅಂದು ನಗು ಕೇಳಿಸಿತು. ಅಮ್ಮನಂತೂ ಕೆಮ್ಮು ಬರುವವರೆಗೂ ನಕ್ಕಳು.

ಇಷ್ಟು ಬರೆದ ಮೇಲೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿದಿಲ್ಲ. ಬೆಣ್ಣೆಯ ಮೇಲಿನ ಸಿಟ್ಟಿಗೆ ಕಚೇರಿ ಇದೆ, ವಿಚಾರಣೆ ಇದೆ. ಪ್ರವಚನದಪ್ಪನ ಮೇಲಿನ ಸಿಟ್ಟನ್ನು ದೇವರಿಗೇ ಒಪ್ಪಿಸಿದ್ದೇನೆ, ಅದು ಅವರವರ ಲೆಕ್ಕ. ನಿನ್ನ ಮೇಲಿನದನ್ನು ಮಾತ್ರ ಎಲ್ಲಿ ಇಳಿಸಬೇಕೋ ತಿಳಿಯದೆ ಹೊತ್ತುಕೊಂಡು ತಿರುಗುತ್ತಿದ್ದೇನೆ. ಊಟ ಸರಿಯಾಗಿ ಮಾಡು, ನಿದ್ದೆಗೆಡಬೇಡ. ಅಮ್ಮನ ಆಶೀರ್ವಾದ ಬರೆಯಲೇ ಎಂದು ಕೇಳಿದೆ. ‘ಬೇಕಾದ್ರೆ ಎದುರಿಗೆ ಬಂದು ಕೇಳ್ಲಿ, ಕೊಡ್ತೀನಿ’ ಎಂದಳು. ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ.

ಇಂತಿ,
ತಲೆ ನೆಟ್ಟಗಿರುವ ನಿನ್ನ ತಂಗಿ

ವಿ.ಸೂ.: ಅಂಟಿಸಿದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಅಂಚೆಗೆ ಹಾಕಲು ಪುಟಾಣಿ ಬಾಗಿಲಲ್ಲಿ ನಿಂತಿದ್ದಾಳೆ, ಅವಸರ ಮಾಡುತ್ತಿದ್ದಾಳೆ. ಮಂಗಳವಾರದ ಅಂಚೆ ಗಾಡಿಗೆ ಇದು ನಿನ್ನ ಕ್ಯಾಂಪಿಗೆ ಬರುತ್ತದೆ. ಗುರುವಾರ ಬೆಳಗ್ಗೆ ಕಾರ್ಮಿಕ ಅಧಿಕಾರಿ ನಿನ್ನ ಕ್ಯಾಂಪ್ ಆಫೀಸಿಗೆ ಫೋನು ಮಾಡುತ್ತಾರೆ. ನಿನ್ನ ತಂಗಿಯ ಬಗ್ಗೆ ಹೇಳಿದ್ದು ನಿಜವೋ ಸುಳ್ಳೋ, ಅಷ್ಟೇ ಕೇಳುತ್ತಾರೆ. ಇನ್ನೊಂದು ಸಂಗತಿಯನ್ನು ಮೇಲೆ ಬೇಕೆಂದೇ ಬರೆಯಲಿಲ್ಲ. ಬರೆದಿದ್ದರೆ ನಿನ್ನ ಮೇಲೆ ಕನಿಕರ ಬಂದು ಪತ್ರವೇ ಹರಿದು ಹೋಗುತ್ತಿತ್ತು. ವಿಚಾರಣೆ ಮುಗಿದ ಮೇಲೆ ಮೆಟ್ಟಿಲಲ್ಲಿ ಬೆಣ್ಣೆ ನನ್ನನ್ನು ತಡೆದು, ‘ನಿನ್ನಣ್ಣ ಕೆಲಸ ಮಾಡೋ ಸುರಂಗದ ಕಂಟ್ರಾಕ್ಟರ್ ನನ್ನ ಭಾವಮೈದ, ಗೊತ್ತಿರ್ಲಿ’ ಎಂದರು. ನೀನು ಅಂದು ಯಾಕೆ ಅತ್ತೆ, ಯಾರಿಗೆ ಹೆದರಿ ಅತ್ತೆ ಎಂದು ಆಗ ತಿಳಿಯಿತು. ಗುರುವಾರ ನೀನು ನಿಜ ಹೇಳಿದರೆ ನಿನ್ನ ಕೆಲಸವೂ ಹೋಗಬಹುದು. ಅದು ಗೊತ್ತಿದ್ದೂ ಕೇಳುತ್ತಿದ್ದೇನೆ. ಫೋನು ಎತ್ತು.